ಕೆಬಿ5034441 ಸಾಹೇಬರ ಸನ್ನಿಧಿಗೆ

ಇವರಿಗೆ,
ಶ್ರೀ ಕೆಬಿ5034441,
ವಿಂಡೋಸ್ 10ರ ಭದ್ರತಾ ಅಪ್‌ಡೇಟ್,
ಸೆಟ್ಟಿಂಗ್ಸ್ ಪುಟ, ರಿಟ್ರೈ ಬಟನ್ನಿನ ಆಸುಪಾಸು.

ವಿಷಯ: ತಾವು ಇನ್‌ಸ್ಟಾಲ್ ಆಗಲು ಪದೇ ಪದೇ ಬರುತ್ತಿದ್ದ ಹಾಗೂ ಒಮ್ಮೆಯೂ ಆಗದೆ ಹೋದ ಬಗ್ಗೆ.
ಉಲ್ಲೇಖ: ತಾವೇ ದಯಪಾಲಿಸಿದ ಎರರ್ ಸಂಖ್ಯೆ 0ಎಕ್ಸ್80070643.

ಮಾನ್ಯರೇ,

2024ರ ಜನವರಿ 9, ಮಂಗಳವಾರ ತಾವು ಅವತರಿಸಿದಿರಿ. ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2003ರಿಂದ ನಡೆಸಿಕೊಂಡು ಬಂದಿದೆ. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಬಾರದು ಎಂದು ಗದರಿಸುವ ಅಜ್ಜಿಯೊಬ್ಬರೂ ರೆಡ್‌ಮಂಡ್‌ನ ಆ ಕಚೇರಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಚಳಿಗಾಲದಲ್ಲಿ ಅವರ ಬೆಳಗಿನ ಹತ್ತು ಗಂಟೆಯೆಂದರೆ ನಮಗೆ ರಾತ್ರಿ ಹನ್ನೊಂದೂವರೆ. ಹಾಗಾಗಿ ನಮ್ಮ ಕಡೆಯವರಿಗೆ ತಮ್ಮ ದರ್ಶನವಾಗಿದ್ದು ಬುಧವಾರ ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚಿ ಕಂಪ್ಯೂಟರ್ ಗುಂಡಿ ಒತ್ತಿದ ಮೇಲೆ.

ತಮ್ಮ ಉದ್ದೇಶ ಸಣ್ಣದೆಂದು ಯಾರೂ ಹೇಳಲಾರರು. ಕಂಪ್ಯೂಟರ್ ಕೆಟ್ಟು ಕೂತರೆ ಎಬ್ಬಿಸಲೆಂದು ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ರಿಕವರಿ ಪಾರ್ಟಿಷನ್ ಎಂಬ ಪುಟ್ಟ ಭಾಗ ಇರುತ್ತದೆ. ಅಲ್ಲಿರುವ ತಂತ್ರಾಂಶದ ಮೂಲಕ ಬಿಟ್‌ಲಾಕರ್ ಎಂಬ ಬೀಗವನ್ನು ದಾಟಿ ಡಿಸ್ಕಿನೊಳಗೆ ಇಣುಕಬಹುದೆಂದು ಪತ್ತೆಯಾಯಿತು. ಸಿವಿಇ-2024-20666 ಎಂದು ಆ ಲೋಪಕ್ಕೊಂದು ನಂಬರೂ ಬಿತ್ತು. ಅದನ್ನು ಮುಚ್ಚಲು ತಮ್ಮನ್ನು ಕಳಿಸಿದರು. ಒಳ್ಳೆಯದೇ. ಆದರೆ ಈ ಲೋಪ ಬಳಸಿಕೊಳ್ಳುವ ಕಳ್ಳ ಇಂಟರ್‌ನೆಟ್ಟಿನಲ್ಲಿ ಬಂದರೆ ಸಾಲದು, ಖುದ್ದಾಗಿ ಆ ಕಂಪ್ಯೂಟರಿನ ಮುಂದೆ ಬಂದು ಕೂರಬೇಕು. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯಲ್ಲಿ ಪಹಣಿ, ಬಾಡಿಗೆ ಕರಾರು, ಮದುವೆ ಪತ್ರಿಕೆ ಎಂದು ನಿಂತವರ ಸಾಲು ರಸ್ತೆಗೆ ಬಂದಿರುತ್ತದೆ. ಕಳ್ಳನೂ ಆ ಸಾಲಿನಲ್ಲೇ ನಿಲ್ಲಬೇಕಾದೀತು. ಇರಲಿ, ಲ್ಯಾಪ್‌ಟಾಪ್ ಕದ್ದೊಯ್ಯುವವರೂ ಇದ್ದಾರೆ ಎಂದು ಒಪ್ಪೋಣ. ಆದರೆ ವಿಂಡೋಸ್ ಹೋಮ್ ಆವೃತ್ತಿ ಕೊಂಡವರಿಗೆ ಬಿಟ್‌ಲಾಕರನ್ನು ಪೂರ್ತಿಯಾಗಿ ಕೊಟ್ಟೇ ಇಲ್ಲ. ಬೀಗ ಹಾಕದ ಡಿಸ್ಕಿನ ಮುಂದೆಯೂ ಬೀಗ ರಿಪೇರಿಯ ಚೀಲ ಹಿಡಿದು ನಿಂತವರು ತಾವು.

ನಿಂತು ಏನು ಮಾಡಿದಿರಿ? ಡೌನ್‌ಲೋಡ್ ಆದಿರಿ. ಇನ್‌ಸ್ಟಾಲ್ ಆಗಲು ಹೊರಟಿರಿ. ಶೇಕಡಾ ಲೆಕ್ಕ ಮೇಲೇರುವುದನ್ನು ಜನ ಚಹಾ ಆರುವ ತನಕ ನೋಡಿದರು. ಆಮೇಲೆ ಒಂದು ಸಂದೇಶ: ಅಪ್‌ಡೇಟ್ ಹಾಕುವಾಗ ಏನೋ ತೊಂದರೆಯಾಯಿತು, ನಾವೇ ಮತ್ತೊಮ್ಮೆ ಪ್ರಯತ್ನಿಸುತ್ತೇವೆ, ಹೀಗೇ ಆಗುತ್ತಿದ್ದರೆ ಹುಡುಕಿಕೊಳ್ಳಲು ಈ ಸಂಖ್ಯೆ ಇಟ್ಟುಕೊಳ್ಳಿ. ಸಂಖ್ಯೆಯ ಬಾಲದ 643ನ್ನು ಕಂಪ್ಯೂಟರಿನ ಹದಿನಾರರ ಮಗ್ಗಿಯಿಂದ ಬಿಡಿಸಿ ನಮ್ಮ ಲೆಕ್ಕಕ್ಕೆ ತಂದರೆ 1603 ಬರುತ್ತದೆ. ವಿಂಡೋಸ್‌ನ ಪಟ್ಟಿಯಲ್ಲಿ 1603ರ ಎದುರಿಗೆ ಬರೆದಿರುವುದು ‘ಇನ್‌ಸ್ಟಾಲ್ ಮಾಡುವಾಗ ಮಾರಕ ದೋಷ’ ಎಂದು. ಯಾಕೆ ಇನ್‌ಸ್ಟಾಲ್ ಆಗಲಿಲ್ಲ ಸ್ವಾಮಿ ಎಂದರೆ ಇನ್‌ಸ್ಟಾಲ್ ಆಗದ ಕಾರಣ ಎಂಬ ಉತ್ತರ. ಇಂಥ ಹಿಂಬರಹ ಬರೆಯಲು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮೂವತ್ತು ವರ್ಷದ ಸರ್ವೀಸ್ ಬೇಕಾಗುತ್ತದೆ. ತಮಗೆ ಹುಟ್ಟಿದ ದಿನವೇ ಸಿದ್ಧಿಸಿತ್ತು.

ನಿಜವಾದ ಕಾರಣ ಬೇರೆಯೇ ಇತ್ತು. ರಿಕವರಿ ಪಾರ್ಟಿಷನ್ನಿನಲ್ಲಿ ತಮಗೆ 250 ಎಂಬಿ ಖಾಲಿ ಜಾಗ ಬೇಕಿತ್ತು, ಅಷ್ಟು ಇರಲಿಲ್ಲ. ಪಕ್ಕದ ಸಿ ಡ್ರೈವಿನಲ್ಲಿ ನೂರಾರು ಜಿಬಿ ಖಾಲಿ ಬಿದ್ದಿದ್ದರೂ ತಾವು ಅತ್ತ ಕಣ್ಣೆತ್ತಿ ನೋಡುವವರಲ್ಲ. ಹೋಗಲಿ, ಆ ಪಾರ್ಟಿಷನ್ ಕಟ್ಟಿದವರಾದರೂ ಯಾರು? ಅಂಥದ್ದೊಂದು ಇದೆ ಎಂದೇ ಬಹಳ ಮಂದಿಗೆ ಗೊತ್ತಿಲ್ಲ. ವಿಂಡೋಸ್ ಹಾಕುವಾಗ ವಿಂಡೋಸೇ ಅಳತೆ ಹಿಡಿದು, ಹೆಚ್ಚುಕಡಿಮೆ ಅರ್ಧ ಜಿಬಿ ಸಾಕೆಂದು ತೀರ್ಮಾನಿಸಿ, ಡ್ರೈವ್‌ಗಳ ಪಟ್ಟಿಯಲ್ಲಿ ಕಾಣದ ಹಾಗೆ ಅದನ್ನು ಅಡಗಿಸಿಟ್ಟಿತ್ತು. ಕೆಲವು ವರ್ಷ ಕಳೆದ ಮೇಲೆ ಅದೇ ಮನೆತನದವರಾದ ತಾವು ಬಂದು ಜಾಗ ಸಾಲದು ಎಂದಿರಿ. ಎಂದಿರಿ ಅಂದೆನೇ? ತಪ್ಪಾಯಿತು, ಅನ್ನಲಿಲ್ಲ. ಜಾಗ ಸಾಲದು ಎಂಬ ಸಂದೇಶವೇ ಬರಬೇಕಿತ್ತಂತೆ, ಎರರ್ ಹೇಳುವ ಭಾಗದಲ್ಲೇ ದೋಷವಿದ್ದುದರಿಂದ ಬದಲಿಗೆ 0ಎಕ್ಸ್80070643 ಬಂತಂತೆ. ಹೀಗೆಂದು ತಮ್ಮ ತಯಾರಕರೇ ಬರೆದಿದ್ದಾರೆ.

ಈ ಬದಲಿ ಸಂಖ್ಯೆ ಮಾಡಿದ ಅನಾಹುತ ತಮಗೆ ಗೊತ್ತಿರಬೇಕು. ಅದು ಮೊದಲೇ ಹೆಸರುವಾಸಿ. ಡಾಟ್‌ನೆಟ್ ಅಪ್‌ಡೇಟ್ ಕೈಕೊಟ್ಟಾಗಲೂ ಅದೇ, ಡಿಫೆಂಡರ್ ಮುನಿಸಿಕೊಂಡಾಗಲೂ ಅದೇ. ಹೀಗಾಗಿ ಸಂಖ್ಯೆ ಹಿಡಿದು ಹೊರಟವರಿಗೆ ಹಳೆಯ ಕಾಯಿಲೆಗಳ ಮದ್ದೆಲ್ಲ ಸಿಕ್ಕಿತು. ಡಾಟ್‌ನೆಟ್ ರಿಪೇರಿ ಮಾಡಿ ಎಂದರು, ಮಾಡಿದರು. ಟ್ರಬಲ್‌ಶೂಟರ್ ಓಡಿಸಿ ಎಂದರು, ಓಡಿಸಿದರು. ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರ್ ಅಳಿಸಿ ಎಂದರು. ಅಳಿಸಿದರೆ ವಿಂಡೋಸ್ ಅದನ್ನು ಹೊಸದಾಗಿ ಕಟ್ಟಿಕೊಂಡು, ತಮ್ಮನ್ನು ಮೊದಲಿನಿಂದ ಡೌನ್‌ಲೋಡ್ ಮಾಡಿ, ಅದೇ ಜಾಗಕ್ಕೆ ತಂದು ಅದೇ ರೀತಿ ಕೆಡವಿತು. ಖರ್ಚಾಗಿದ್ದು ಮೊಬೈಲ್ ಹಾಟ್‌ಸ್ಪಾಟಿನ ಆ ದಿನದ ಡೇಟಾ. ಎಸ್‌ಎಫ್‌ಸಿ ಸ್ಕ್ಯಾನ್‌ನೌ ಎಂಬ ಆಜ್ಞೆಯ ಕಥೆ ಇನ್ನೂ ಚೆಂದ. ಕಪ್ಪು ಪರದೆಯಲ್ಲಿ ನೂರರವರೆಗೆ ಎಣಿಸಿ, ಸಿಸ್ಟಮ್ ಫೈಲುಗಳಲ್ಲಿ ಯಾವ ಲೋಪವೂ ಕಂಡುಬಂದಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟಿತು. ಪಾಪ, ಅದು ನಿಜವನ್ನೇ ಹೇಳಿತು. ಇನ್ನು ಯಾವ ಊರಿನ ಯಾವ ರಿಪೇರಿ ಅಂಗಡಿಗೆ ಹೋದರೂ ಒಂದು ಮದ್ದು ಪುಕ್ಕಟೆ: ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸಾರ್.’ ಎರಡನೆಯದಕ್ಕೆ ದುಡ್ಡು: ‘ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್.’ ನುಡಿ, ಬರಹ, ಪ್ರಿಂಟರಿನ ಡ್ರೈವರ್, ಮಗಳ ಮದುವೆಯ ಫೋಟೊ, ಎಲ್ಲವನ್ನೂ ಒಂದು 250 ಎಂಬಿಗಾಗಿ ತೊಳೆದುಹಾಕುವ ಉಪಾಯ.

ತಮ್ಮ ತಯಾರಕರು ಸುಮ್ಮನೆ ಕೂರಲಿಲ್ಲ, ಅಧಿಕೃತ ವಿಧಾನ ಪ್ರಕಟಿಸಿದರು. ಅದನ್ನು ಓದಿದಾಗ ಫಾರ್ಮ್ಯಾಟ್ ಹುಡುಗನ ಮೇಲೆ ಗೌರವ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪರದೆ ತೆರೆಯಬೇಕು. ರೀಏಜೆಂಟ್‌ಸಿ ಎಂಬ ಆಜ್ಞೆ ಕೊಟ್ಟು ರಿಕವರಿ ವ್ಯವಸ್ಥೆಯನ್ನು ನಿಲ್ಲಿಸಬೇಕು. ಡಿಸ್ಕ್‌ಪಾರ್ಟ್ ಎಂಬ ಇನ್ನೊಂದರೊಳಗೆ ಇಳಿದು, ಯಾವ ಡಿಸ್ಕು, ಅದರಲ್ಲಿ ಯಾವ ಪಾರ್ಟಿಷನ್ನು ಎಂದು ಅಂಕಿಯಲ್ಲಿ ಆರಿಸಿ, ವಿಂಡೋಸ್ ಇರುವ ಭಾಗವನ್ನು 250 ಎಂಬಿ ಕುಗ್ಗಿಸಬೇಕು. ಆಮೇಲೆ ರಿಕವರಿ ಪಾರ್ಟಿಷನ್ನನ್ನು ಅಳಿಸಬೇಕು. ಇಲ್ಲಿ ಅಂಕಿಯೊಂದು ಅತ್ತಿತ್ತ ಆಯಿತೋ, ಹೋಗುವುದು ಬೇರೆ ಪಾರ್ಟಿಷನ್ನು. ಅಳಿಸಿದ ಜಾಗದಲ್ಲಿ ಹೊಸದು ಕಟ್ಟಬೇಕು. ಅದಕ್ಕೆ ಡಿಇ94 ಎಂದು ಶುರುವಾಗಿ ನಡುವೆ ನಾಲ್ಕು ಅಡ್ಡಗೆರೆ ದಾಟಿ ಮುಗಿಯುವ 32 ಅಕ್ಷರ-ಅಂಕಿಗಳ ಗುರುತು ಬರೆಯಬೇಕು. ಡಿಸ್ಕು ಹಳೆಯ ಮಾದರಿಯದಾದರೆ ಬರೀ 27 ಎಂದು ಬರೆದರೆ ಸಾಕು. ತಮ್ಮದು ಹೊಸದೋ ಹಳೆಯದೋ ಎಂದು ಪಟ್ಟಿಯಲ್ಲಿರುವ ಒಂದು ನಕ್ಷತ್ರ ಚಿಹ್ನೆ ನೋಡಿ ತಿಳಿಯತಕ್ಕದ್ದು. ಕೊನೆಗೆ ಫಾರ್ಮ್ಯಾಟ್ ಮಾಡಿ, ನಿಲ್ಲಿಸಿದ್ದನ್ನು ಮತ್ತೆ ಚಾಲೂ ಮಾಡಬೇಕು. ವಿಧಾನದ ಆರಂಭದಲ್ಲೇ ಡೇಟಾ ಬ್ಯಾಕಪ್ ಮಾಡಿಕೊಳ್ಳಿ ಎಂಬ ಸೂಚನೆಯೂ ಇದೆ. ಬಿಟ್‌ಲಾಕರ್ ಇರುವ ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಸಂಬಳದ ಜನ ಇರುತ್ತಾರೆ. ಬಿಟ್‌ಲಾಕರ್ ಇಲ್ಲದ ಮನೆಯಲ್ಲಿ ಇದನ್ನು ಮಾಡಬೇಕಾದವರು ನಿವೃತ್ತ ಮೇಷ್ಟ್ರು, ಅಮೆರಿಕದಲ್ಲಿರುವ ಮಗ ವಾಟ್ಸ್ಆ್ಯಪ್ ವಿಡಿಯೊದಲ್ಲಿ ಹೇಳಿಕೊಟ್ಟಂತೆ, ಕನ್ನಡಕ ಬದಲಿಸುತ್ತಾ.

ಕೆಲವು ತಿಂಗಳ ಮೇಲೆ ಇನ್ನೊಂದು ಪ್ರಕಟಣೆ ಬಂತು. ಇದಕ್ಕೆ ತಾನಾಗಿಯೇ ಆಗುವ ಪರಿಹಾರ ಮುಂದಿನ ಅಪ್‌ಡೇಟ್‌ಗಳಲ್ಲೂ ಬರುವುದಿಲ್ಲ, ಕೈಯಾರೆ ಮಾಡಿಕೊಳ್ಳುವುದೊಂದೇ ದಾರಿ ಎಂದು. ರಿಕವರಿ ಪಾರ್ಟಿಷನ್ನೇ ಇಲ್ಲದ ಕಂಪ್ಯೂಟರ್‌ಗಳಿಗೆ ತಾವು ಬೇಕಾಗಿಯೇ ಇಲ್ಲ, ಅಂಥವರು ಎರರನ್ನು ಕಡೆಗಣಿಸಬಹುದು ಎಂದೂ ಇತ್ತು. ಕಡೆಗಣಿಸಬಹುದು, ಸರಿ. ಆದರೆ ತಾವು ಕಡೆಗಣಿಸಲು ಬಿಡಬೇಕಲ್ಲ! ವಿಂಡೋಸ್ 7ರಲ್ಲಿ ಬೇಡದ ಅಪ್‌ಡೇಟ್ ಮೇಲೆ ರೈಟ್ ಕ್ಲಿಕ್ ಮಾಡಿ ಮರೆಮಾಡುವ ಸೌಕರ್ಯವಿತ್ತು. ವಿಂಡೋಸ್ 10ರ ಸೆಟ್ಟಿಂಗ್ಸಿನಲ್ಲಿ ಅದನ್ನು ತೆಗೆದುಹಾಕಿದರು. ಉಳಿದದ್ದು ಮುಂದೂಡುವ ಅವಕಾಶ ಮಾತ್ರ.

1990ರ ದಶಕದಲ್ಲಿ ಕರ್ನಾಟಕದ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು ಎಂಬ ಸುದ್ದಿ ಹಬ್ಬಿತ್ತು. ಬರಹ ಓದಿದ ದೆವ್ವ ಸರಿ ಎಂದು ವಾಪಸು ಹೋಗಿ, ಮರುದಿನ ಬಂದು, ಮತ್ತೆ ಅದನ್ನೇ ಓದಿ ಮತ್ತೆ ಹೋಗುತ್ತಿತ್ತಂತೆ. ತಾವೂ ಬಂದು ಕರೆಯುವುದು ನಮ್ಮದೇ ಸುರಕ್ಷತೆಯ ದನಿಯಲ್ಲಿ. ಆದರೆ ಅದಕ್ಕೂ ತಮಗೂ ವ್ಯತ್ಯಾಸವಿದೆ. ಅದಕ್ಕೆ ಕನ್ನಡ ಓದಲು ಬರುತ್ತಿತ್ತು. ಬಾಗಿಲ ಬರಹಕ್ಕೆ ವಾಯಿದೆ ಇರಲಿಲ್ಲ, ತಮ್ಮ ವಿಷಯದಲ್ಲಿ ಅಪ್‌ಡೇಟ್‌ಗಳನ್ನು ತಡೆಹಿಡಿಯುವ ಮಿತಿ 35 ದಿನ. ಅದು ತೀರಿದ ಮೇಲೆ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡ ಬಳಿಕವಷ್ಟೇ ಮತ್ತೊಂದು ‘ನಾಳೆ ಬಾ’ ಬರೆಯಲು ಅಪ್ಪಣೆ. ಒಳಗೆ ಬಾರಪ್ಪ ಎಂದು ಬಾಗಿಲು ತೆಗೆದರೂ ಹೊಸ್ತಿಲಲ್ಲೇ ಎಡವಿ ಬಿದ್ದು ವಾಪಸು ಹೋಗುವ ದೆವ್ವದ ಬಗ್ಗೆಯಂತೂ ನಮ್ಮ ಹಿರಿಯರು ಏನೂ ಹೇಳಿರಲಿಲ್ಲ.

ತಮಾಷೆ ಬದಿಗಿಟ್ಟು ಒಂದು ಮಾತು ಹೇಳಬೇಕಾಗಿದೆ. ಅಪ್‌ಡೇಟ್‌ಗಳೆಂದರೆ ಕಾಟ ಎನ್ನುವವರ ಗುಂಪಿನವನಲ್ಲ ನಾನು. 2017ರ ಮಾರ್ಚ್ 14ರಂದು ತಮ್ಮ ಪೂರ್ವಿಕರೊಬ್ಬರು ಬಂದಿದ್ದರು, ಎಂಎಸ್17-010 ಎಂಬ ಹೆಸರಿನವರು. ಅವರನ್ನು ಒಳಗೆ ಬಿಟ್ಟುಕೊಳ್ಳದ ಯಂತ್ರಗಳ ಮೇಲೆ ಎರಡು ತಿಂಗಳೂ ಕಳೆಯುವ ಮುನ್ನ, ಮೇ 12ರಂದು, ವನ್ನಾಕ್ರೈ ಎರಗಿತು. ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಬೆಂಬಲ ಎಂದೋ ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಹಾಕಿತು. ಅಂಥ ಅಪ್‌ಡೇಟೂ ತಾವೂ ಬರುವುದು ಒಂದೇ ಪುಟದಲ್ಲಿ, ಒಂದೇ ದಪ್ಪದ ಅಕ್ಷರದಲ್ಲಿ, ಒಂದೇ ಗಾಬರಿಯಲ್ಲಿ. ತಿಂಗಳುಗಟ್ಟಲೆ ‘ಫೇಲ್ಡ್’ ಎಂದು ಓದಿ ಏನೂ ಆಗದೆ ಬದುಕಿದ ಅಂಗಡಿಯವರು ಮುಂದೆ ಯಾವ ‘ಫೇಲ್ಡ್’ಗೂ ತಲೆ ಎತ್ತುವುದಿಲ್ಲ. ಅಪ್‌ಡೇಟನ್ನೇ ಆಫ್ ಮಾಡಿಸಿಕೊಂಡವರು ನೆಮ್ಮದಿಯಾಗಿದ್ದರು. ತಮ್ಮ ಕಾಟ ಅನುಭವಿಸಿದವರೆಲ್ಲ ಕರೆದಾಗ ಬಾಗಿಲು ತೆಗೆದವರು. ವಿಧೇಯರಿಗೇ ದಂಡ ಹಾಕುವ ಈ ವ್ಯವಸ್ಥೆಯ ಬಗ್ಗೆ ನನ್ನ ತಕರಾರು, ತಮ್ಮ 250 ಎಂಬಿಯ ಬಗ್ಗೆ ಅಲ್ಲ.

2024ರ ಆಗಸ್ಟ್‌ನಲ್ಲಿ ತಮ್ಮನ್ನು ನಿವೃತ್ತಿಗೊಳಿಸಿದರು. ತಮ್ಮ ಜಾಗಕ್ಕೆ ಬಂದ ಕೆಬಿ5042320ಗೆ ಒಂದು ವಿದ್ಯೆ ಕಲಿಸಿದ್ದರು: ಜಾಗ ಇದೆಯೇ ಎಂದು ಮೊದಲು ನೋಡು, ಇದ್ದವರ ಹತ್ತಿರ ಮಾತ್ರ ಹೋಗು. ಹೋಗುವ ಮುನ್ನ ನೋಡುವುದು! ಇದು ಹೊಳೆಯಲು ಜನವರಿಯಿಂದ ಆಗಸ್ಟ್ ಬೇಕಾಯಿತು. ಜಾಗ ಇಲ್ಲದವರ ಬಿಟ್‌ಲಾಕರ್ ಲೋಪ ಏನಾಯಿತು ಎಂದು ಕೇಳಬೇಡಿ. ಅದು ಹಾಗೇ ಇತ್ತು, ನೆನಪಿಸುವವರು ಹೋದರು ಅಷ್ಟೆ. ಏಳು ತಿಂಗಳು ಕಾಡಿದ ತುರ್ತು ಒಂದೇ ದಿನದಲ್ಲಿ ಕರಗಿದ್ದನ್ನು ಕಂಡಾಗ, ಅದು ನಿಜವಾಗಿ ಇದ್ದದ್ದು ಎಷ್ಟು ಎಂಬ ಅನುಮಾನ ಬರುವುದು ಸಹಜ.

ವಂಶದ ಗುಣ ಮಾತ್ರ ಹೋಗಲಿಲ್ಲ. 2025ರ ಏಪ್ರಿಲ್‌ನಲ್ಲಿ ತಮ್ಮ ಕುಲದ ಕೆಬಿ5057589 ಬಂದಾಗ ಮತ್ತೆ ಅದೇ 0ಎಕ್ಸ್80070643 ಕಾಣಿಸಿತು. ಈ ಸಲದ ವಿವರಣೆ ತಮ್ಮದಕ್ಕಿಂತ ಒಂದು ಕೈ ಮೇಲು: ಎರರ್ ಸಂದೇಶ ಸರಿಯಿಲ್ಲ, ಅಪ್‌ಡೇಟ್ ಸಾಮಾನ್ಯವಾಗಿ ರೀಸ್ಟಾರ್ಟ್ ಆದ ಮೇಲೆ ಕೂತಿರುತ್ತದೆ, ಪರದೆ ಆಗಿಲ್ಲವೆಂದರೂ ಆಗಿರುತ್ತದೆ. ಅದೇ ವರ್ಷ ಅಕ್ಟೋಬರ್ 14ಕ್ಕೆ, ಅದೂ ಎರಡನೇ ಮಂಗಳವಾರವೇ, ವಿಂಡೋಸ್ 10ರ ಮಾಮೂಲಿ ಬೆಂಬಲವನ್ನೇ ಮುಗಿಸಿದರು.

ಕೇಳಿಕೊಳ್ಳುವುದು ಇಷ್ಟೆ. ತಮ್ಮ ಕುಲದವರು ಮುಂದೆ ಯಾರ ಕಂಪ್ಯೂಟರಿಗೆ ಹೊರಟರೂ ಜಾಗ ಇದೆಯೇ, ಕೆಲಸ ಇದೆಯೇ ಎಂದು ನೋಡಿಕೊಂಡು ಹೊರಡಲಿ. ಆಗದಿದ್ದರೆ ಏಕೆ ಆಗಲಿಲ್ಲ ಎಂಬುದನ್ನು ಮಾತಿನಲ್ಲಿ ಹೇಳಲಿ. ವಿಂಡೋಸ್‌ಗೆ ಕನ್ನಡದ ಪ್ಯಾಕ್ ಇದೆ, ‘ಜಾಗ ಸಾಲದು’ ಎಂಬುದು ಅದರಲ್ಲಿ ಹಿಡಿಸುವಷ್ಟು ಚಿಕ್ಕ ವಾಕ್ಯ. ತಾವೇ ಕಟ್ಟಿದ್ದನ್ನು ತಾವೇ ಸರಿಪಡಿಸಲಾಗದಿದ್ದರೆ ಒಂದು ಸಲ ಹೇಳಿ ಸುಮ್ಮನಾಗಲಿ. ಕೊನೆಯದಾಗಿ, ರೈಟ್ ಕ್ಲಿಕ್ಕಿನಲ್ಲಿದ್ದ ಆ ಮರೆಮಾಡುವ ಸೌಕರ್ಯವನ್ನು ವಾಪಸು ಕೊಡಲಿ.

ಇಂತಿ,
ರಿಟ್ರೈ ಒತ್ತಿದ ಸಮಸ್ತರ ಪರವಾಗಿ,
ತಮ್ಮ ವಿಧೇಯ

ಪ್ರತಿ, ಮಾಹಿತಿಗಾಗಿ: ಶ್ರೀ ಕೆಬಿ5057589 ಇವರಿಗೆ. ಈ ಪತ್ರ ತಲುಪಿಲ್ಲವೆಂದು ತೋರಿಸಿದಲ್ಲಿ, ತಲುಪಿದೆ ಎಂದು ಭಾವಿಸತಕ್ಕದ್ದು.