ಮೀನಿನ ಮನೆಗೊಂದು ಮೀಟರು

ಬೆಂಗಳೂರಿನಲ್ಲಿ ಮೀನು ಸಾಕುವವರದು ಎರಡು ಪಂಗಡ: ಕಾವೇರಿಯವರು, ಬೋರ್‌ವೆಲ್‌ನವರು. ಇಬ್ಬರ ಕೈಯಲ್ಲೂ ಈಗ ಪೆನ್ನಿನಂಥ ಟಿಡಿಎಸ್ ಮೀಟರ್. ಪಕ್ಕದ ಮನೆಯ ರಾಯರಂತೂ ತಮ್ಮ ಬಿಪಿ ಬಿಟ್ಟು ಬೆಳಿಗ್ಗೆ ಎದ್ದೊಡನೆ ತೊಟ್ಟಿಯ ಅಂಕಿ ನೋಡುತ್ತಾರೆ. ಅಂಕಿ ಏರಿದರೆ ಬಿಪಿಯೂ ಏರುತ್ತದೆ.

"ಮೀಟರೇ ಸುಳ್ಳು ಹೇಳಿದರೆ ರಾಯರೇ?" ಎಂದೆ.

"ಡಿಜಿಟಲ್ ಕಣ್ರೀ!"

ಪಾಪ, ಆ ಮೀಟರಿಗೆ ಮಡಿ-ಮೈಲಿಗೆ ಗೊತ್ತಿಲ್ಲ. ಎರಡು ಲೋಹದ ಕಡ್ಡಿಗಳ ನಡುವೆ ಕರೆಂಟು ಎಷ್ಟು ಹರಿಯಿತೆಂದು ನೋಡಿ, ಕರಗಿದ ಲವಣ ಇಷ್ಟಿರಬಹುದೆಂದು ಅಂದಾಜು ಹೇಳುತ್ತದೆ, ಅಷ್ಟೇ. ಕಡ್ಡಿಗೆ ಪಾಚಿಯೋ ಸುಣ್ಣವೋ ಹತ್ತಿದರೆ ಲೆಕ್ಕ ತಪ್ಪಿತು. ಅದಕ್ಕೇ 342 ಪಿಪಿಎಂ ಉಪ್ಪಿನ ದ್ರಾವಣ ಮಾರುತ್ತಾರೆ. ಕಡ್ಡಿ ತೊಳೆದು, ದ್ರಾವಣದಲ್ಲಿ ಅದ್ದಿ, ಗುಳ್ಳೆ ಹೋಗುವಂತೆ ತಟ್ಟಿ, ಹಿಂಬದಿಯ ಪುಟ್ಟ ಸ್ಕ್ರೂ ತಿರುಗಿಸಿ 342ಕ್ಕೆ ತರಬೇಕು. ರಾಯರು ಕನ್ನಡಕ ಹಣೆಗೇರಿಸಿ ತಿರುಗಿಸಿದರು: 351, 330, ಮತ್ತೆ 351.

"ಉಪ್ಪು ನೋಡೋದೇ ಆದ್ರೆ ಬಂದು ಸಾರಿಂದು ನೋಡಿ," ಅಡುಗೆಮನೆಯಿಂದ ಅವರ ಮನೆಯವರ ದನಿ.

ಬಳಸಿದ ದ್ರಾವಣವನ್ನು ಮಾತ್ರ ಮತ್ತೆ ಬಾಟಲಿಗೆ ಸುರಿಯಬೇಡಿ. ಇನ್ನೊಂದು ಮಾತು: ನೀರಿನಲ್ಲಿ ಅಮೋನಿಯಾ, ಕ್ಲೋರಿನ್ ಎಷ್ಟಿದೆಯೆಂದು ಈ ಮೀಟರು ಹೇಳುವುದಿಲ್ಲ. ಮೀನಿನ ಮೇಲೆ ಪ್ರೀತಿಯಿದ್ದರೆ ಅದಕ್ಕೆ ಬೇರೆ ಟೆಸ್ಟ್ ಕಿಟ್ ತನ್ನಿ.