ಆರು ಗುಂಡು, ಅವಸರವಿಲ್ಲ

ನಮ್ಮನೆಗೆ ಹೊಸ ರಿವಾಲ್ವರ್ ಬಂದ ಸುದ್ದಿ ನಿಮ್ಮ ಕಿವಿಗೂ ಬಿತ್ತು ಅಂತಾಯ್ತು. ಬೀಳದೆ ಇರುತ್ತಾ ಭಟ್ರೇ? ಈ ಫೀನಿಕ್ಸ್‌ನಲ್ಲಿ ಹಿತ್ತಲು ಹಿತ್ತಲಿನ ನಡುವೆ ಬೇಲಿಯ ಬದಲು ಸಿಮೆಂಟ್ ಇಟ್ಟಿಗೆಯ ಗೋಡೆ ಏಳಿಸಿದ್ದಾರೆ ನಿಜ, ಆದರೆ ಸುದ್ದಿಗೆ ಗೋಡೆ ಯಾವ ಲೆಕ್ಕ. ಹೌದು, ರುಗರ್ ಕಂಪನಿಯ ಸಿಂಗಲ್ ಸಿಕ್ಸ್, ಪಾಯಿಂಟ್ ಟೂ ಟೂ. ಇದೇ ದುಡ್ಡಿಗೆ ಹದಿನೈದು ಗುಂಡಿನ ಪಿಸ್ತೂಲು ಸಿಗ್ತಿತ್ತಲ್ಲ ಅಂಕಲ್ ಅಂತ ನಿಮ್ಮ ಮಗ ಕೇಳಿದ. ಸಿಗ್ತಿತ್ತು. ನನಗೆ ಬೇಕಿದ್ದದ್ದು ಅದಲ್ಲ. ಪ್ರತಿ ಗುಂಡಿಗೂ ಹೆಬ್ಬೆರಳಲ್ಲಿ ಕುದುರೆ ಹಿಂದಕ್ಕೆಳೆದು, ಗುರಿ ಹಿಡಿದು, ಆಮೇಲೆ ಟ್ರಿಗರ್ ಒತ್ತಬೇಕಾದ ಈ ನಿಧಾನದ ಸಾಮಾನೇ ಬೇಕಿತ್ತು.

ಇದಕ್ಕೆ ಗುಂಡು ತುಂಬೋದನ್ನು ನೀವೊಮ್ಮೆ ನೋಡಬೇಕು. ಬಲಮಗ್ಗುಲಲ್ಲಿ ಬೆರಳುಗುರಿನಷ್ಟು ಅಗಲದ ಬಾಗಿಲು. ಅದನ್ನು ತೆರೆದರೆ ಸಿಲಿಂಡರ್ ತಿರುಗೋಕೆ ಶುರುವಾಗುತ್ತೆ, ಕುದುರೆ ಮಾತ್ರ ಎಳೆದರೂ ಬರೋದಿಲ್ಲ. ಮುಚ್ಚಿದಿರೋ, ಕುದುರೆಗೆ ಜೀವ ಬಂತು, ಸಿಲಿಂಡರ್ ಕೈಗೆ ಸಿಗೋದಿಲ್ಲ. ಎರಡೂ ಒಟ್ಟಿಗೆ ಆಗದ ಹಾಗೆ ಮಾಡಿಟ್ಟಿದ್ದಾರೆ. ಶೋಲೆಯಲ್ಲಿ ಗಬ್ಬರ್ ಸಿಂಗ್ ನಮ್ಮ ರಾಮನಗರದ ಬಂಡೆಗಳ ನಡುವೆ ನಿಂತು ಗಿರಗಿರ ತಿರುಗಿಸ್ತಾನಲ್ಲ, ಆ ಶೋಕಿ ಇದರಲ್ಲಿ ಬಾಗಿಲು ತೆರೆಯದೆ ನಡೆಯೋದಿಲ್ಲ. ಒಂದು ತೋಟಾ ಹಾಕಬೇಕು, ಒಂದು ಮನೆ ತಿರುಗಿಸಬೇಕು, ಇನ್ನೊಂದು ಹಾಕಬೇಕು. ಆರು ಹೊಡೆದಾದ ಮೇಲೆ ನಳಿಗೆಯ ಕೆಳಗಿರೋ ಸಣ್ಣ ಕಡ್ಡಿಯನ್ನು ಹಿಂದಕ್ಕೆ ಒತ್ತಿ ಖಾಲಿ ತೋಟಾಗಳನ್ನು ಅದೇ ಬಾಗಿಲಿನಿಂದ ಒಂದೊಂದಾಗಿ ಹೊರಗೆ ತಳ್ಳಬೇಕು.

ಅಲ್ಲೊಂದು ತಮಾಷೆ ಇದೆ. ಸಿಲಿಂಡರ್ ತಿರುಗಿಸುವಾಗ ಟಿಕ್ ಅಂತ ಸದ್ದು ಬಂದಾಗ ನಿಲ್ಲಿಸಿದರೆ ಸರಿಯಾಗಿ ಕೂತಿರುತ್ತೆ ಅಂತ ಯಾರಾದರೂ ಅಂದುಕೊಳ್ತಾರೆ, ಅಲ್ವಾ? ಇದರಲ್ಲಿ ಟಿಕ್ ಅಂದ ಹೊತ್ತಿಗೆ ಕೂದಲೆಳೆಯಷ್ಟು ಮುಂದೆ ಹೋಗಿರುತ್ತೆ, ಕಡ್ಡಿ ಅಂಚಿಗೆ ತಾಗುತ್ತೆ. ಹಿಂದಕ್ಕೆ ತಿರುಗಿಸೋಣ ಅಂದರೆ ಒಳಗಿನ ಕೊಕ್ಕೆ ಬಿಡೋದಿಲ್ಲ. ಪೂರ್ತಿ ಒಂದು ಸುತ್ತು ಹಾಕಿಕೊಂಡೇ ಆ ಮನೆಗೆ ವಾಪಸ್ ಬರಬೇಕು. ಬೈಕೊಳ್ಳೋರು ಬಹಳ ಜನ ಇದ್ದಾರೆ. ನನಗೆ ಇದೇ ಇಷ್ಟ. ಸದ್ದಿಗೆ ಸ್ವಲ್ಪ ಮೊದಲೇ ಬೆರಳು ನಿಲ್ಲೋದನ್ನು ಕಲಿತುಬಿಡುತ್ತೆ, ಆಮೇಲೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತೆ.

ನಮ್ಮ ಕೊಪ್ಪದ ಕಡೆ ದೊಡ್ಡಪ್ಪನ ಹತ್ತಿರ ಕೇಪಿನ ಕೋವಿ ಇತ್ತು, ಹೇಳಿದ್ದೆನೋ ಇಲ್ಲವೋ. ನಿಮ್ಮ ಶಿರಸಿ ಕಡೆಯೂ ಕಂಡಿರ್ತೀರಿ ಬಿಡಿ. ಗದ್ದೆಗೆ ಹಂದಿ ಇಳೀತು ಅಂದರೆ ನಳಿಗೆಯ ಬಾಯಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಲ್ಲಿ ಜಡಿದು, ಚರೆ ಹಾಕಿ, ಮತ್ತೆ ನಾರು, ಕೊನೆಗೆ ಕೇಪು. ಇಷ್ಟೆಲ್ಲ ಮುಗಿಯೋ ಹೊತ್ತಿಗೆ ಹಂದಿ ಪಕ್ಕದವರ ಗದ್ದೆಯಲ್ಲಿರ್ತಿತ್ತು. ಆದರೂ ದೊಡ್ಡಪ್ಪ ಒಂದು ದಿನ ಗಡಿಬಿಡಿ ಮಾಡಿದ್ದು ನಾನು ಕಾಣೆ. ಗಜ ಹೊರಗೆ ತೆಗೆದೆನಾ ಅಂತ ಮುಟ್ಟಿ ನೋಡಿಯೇ ಕೋವಿ ಎತ್ತುತ್ತಿದ್ದರು. ಚುನಾವಣೆ ಬಂತೆಂದರೆ ಬೆಳೆ ರಕ್ಷಣೆಯ ಕೋವಿಯನ್ನೂ ಠಾಣೆಯಲ್ಲಿ ಠೇವಣಿ ಇಡಬೇಕಲ್ಲ, ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯೋರು. ವಾಪಸ್ ತಂದ ದಿನ ಜಗಲಿಯಲ್ಲಿ ಕೂತು ಎಣ್ಣೆ ಬಟ್ಟೆ ಹಿಡಿದು ಒರೆಸಿದ್ದೇ ಒರೆಸಿದ್ದು. ಗ್ರಾಮ ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಅಂತ ಮೇಲಿಂದ ಮೇಲೆ ಬಂದ ವರ್ಷ ಹಂದಿಗಳಿಗೆ ಸುಗ್ಗಿಯೋ ಸುಗ್ಗಿ.

ಎಲ್ಲಿದ್ದೆ? ಹಾಂ, ಸಿಂಗಲ್ ಸಿಕ್ಸ್. ಇದು ಮೊದಲು ಬಂದದ್ದು 1953ರಲ್ಲಿ. ಆಗ ಇಲ್ಲಿ ಟಿವಿ ತುಂಬ ಕೌಬಾಯ್‌ಗಳು, ಎಲ್ಲರಿಗೂ ಅಂಥ ರಿವಾಲ್ವರ್ ಬೇಕು, ಕೋಲ್ಟ್ ಕಂಪನಿಯೋ 1873ರಿಂದ ಮಾಡ್ತಿದ್ದ ತನ್ನ ಹೆಸರುವಾಸಿ ಮಾದರಿಯನ್ನು ಎರಡನೇ ಮಹಾಯುದ್ಧದ ಹೊತ್ತಿಗೆ ನಿಲ್ಲಿಸಿಬಿಟ್ಟಿತ್ತು. ಬಿಲ್ ರುಗರ್ ಆ ಜಾಗಕ್ಕೆ ನುಗ್ಗಿದ. ಕೋಲ್ಟ್‌ನವರಿಗೆ ಎಚ್ಚರ ಆಗಿ ಮತ್ತೆ ಮಾಡೋಕೆ ಹೊರಟದ್ದು 1956ರಲ್ಲಿ.

ಕೋಲ್ಟ್ ಅಂದಾಗ ನೆನಪಾಯ್ತು. ಆ ಸ್ಯಾಮುಯೆಲ್ ಕೋಲ್ಟ್‌ಗೂ ನಮ್ಮ ದೇಶಕ್ಕೂ ನಂಟು ಇದೆ, ಗೊತ್ತಾ? ಹದಿನಾರರ ಹುಡುಗ, 1830ರಲ್ಲಿ ಕಾರ್ವೋ ಅನ್ನೋ ಹಡಗು ಹತ್ತಿ ಕಲ್ಕತ್ತೆಗೆ ಹೊರಟ. ಆ ಪ್ರಯಾಣದಲ್ಲೇ ತಿರುಗುವ ಸಿಲಿಂಡರಿನ ಪಿಸ್ತೂಲಿಗೆ ಮರದಲ್ಲಿ ಮಾದರಿ ಕೆತ್ತಿದ ಅಂತಾರೆ. ಊರಿಗೆ ಮರಳಿದ ಮೇಲೆ ನಿಜವಾದ ಪಿಸ್ತೂಲು ಮಾಡಿಸೋಕೆ ದುಡ್ಡು ಬೇಕಲ್ಲ, ಅದಕ್ಕೆ ಏನು ಮಾಡಿದ ಹೇಳಿ. ಕಲ್ಕತ್ತೆಯ ಡಾಕ್ಟರ್ ಕೌಲ್ಟ್ ಅಂತ ಬೋರ್ಡು ಹಾಕಿಕೊಂಡು ಊರೂರು ತಿರುಗಿ ಜನಕ್ಕೆ ನಗೆ ಅನಿಲ ಮೂಸಿಸಿದ! ಜನ ನಕ್ಕು ಕುಣಿದು ಕಾಸು ಕೊಟ್ಟರು, 1836ಕ್ಕೆ ಪೇಟೆಂಟ್ ಕೈಗೆ ಬಂತು. ಎಲ್ಲರೂ ಕೊಂಡಾಡೋ ಆ 1873ರ ರಿವಾಲ್ವರನ್ನು ಮಾತ್ರ ಅವನು ಕಣ್ಣಾರೆ ಕಾಣಲಿಲ್ಲ. 1862ರಲ್ಲೇ ತೀರಿಕೊಂಡಿದ್ದ. ಪಾಪ ಅನ್ನಿಸುತ್ತೆ.

ಆ ಹಳೇ ಮಾದರಿಯಲ್ಲಿ ಅಪಾಯವೂ ಇತ್ತು ನೋಡಿ. ಕುದುರೆಯ ಮೂಗು ನೇರವಾಗಿ ತೋಟಾದ ಬೆನ್ನ ಮೇಲೇ ಕೂತಿರ್ತಿತ್ತು, ಕೈಜಾರಿ ನೆಲಕ್ಕೆ ಬಿದ್ದರೆ ಢಂ. ಅದಕ್ಕೆ ಬುದ್ಧಿವಂತರು ಐದೇ ತುಂಬೋರು, ಒಂದು ಮನೆ ಖಾಲಿ ಬಿಟ್ಟು ಕುದುರೆಯನ್ನು ಅದರ ಮೇಲೆ ಇಳಿಸೋರು. ರುಗರ್‌ನವರು 1973ರಲ್ಲಿ ಕುದುರೆಗೂ ತೋಟಾಕ್ಕೆ ಬಡಿಯೋ ಪಿನ್ನಿಗೂ ನಡುವೆ ಒಂದು ಉಕ್ಕಿನ ಪಟ್ಟಿ ತಂದರು. ಟ್ರಿಗರ್ ಒತ್ತಿ ಹಿಡಿದರೆ ಮಾತ್ರ ಆ ಪಟ್ಟಿ ಮೇಲೆದ್ದು ಪೆಟ್ಟನ್ನು ಪಿನ್ನಿಗೆ ದಾಟಿಸುತ್ತೆ. ಇಲ್ಲವಾದರೆ ಕುದುರೆ ಪಿನ್ನನ್ನು ಮುಟ್ಟೋದೇ ಇಲ್ಲ. ಆರನ್ನೂ ನೆಮ್ಮದಿಯಾಗಿ ತುಂಬಬಹುದು. ಇಷ್ಟಾದರೂ ಸಮಾಧಾನವಿಲ್ಲದೆ, ಬಳಸುವ ಮುನ್ನ ಕೈಪಿಡಿಯ ಎಚ್ಚರಿಕೆಗಳನ್ನು ಓದಿ, ಬೇಕಾದವರಿಗೆ ಕೈಪಿಡಿ ಪುಕ್ಕಟೆ ಅಂತ ನಳಿಗೆಯ ಮೈಮೇಲೇ ಅಕ್ಷರ ಕೊರೆದಿದ್ದಾರೆ. ಅಂದಗೆಟ್ಟಿತು ಅಂತ ಮೂಗು ಮುರಿಯೋರು ಮುರೀಲಿ. ಕೋವಿಯ ವಿಷಯದಲ್ಲಿ ಒಂದು ಮಾತು ಹೆಚ್ಚಾದರೆ ತಪ್ಪಲ್ಲ.

ಡಬ್ಬಿಯಲ್ಲಿ ಇನ್ನೊಂದು ಸಿಲಿಂಡರ್ ಕೊಟ್ಟಿದ್ದಾರೆ, ಕೆಂಪು ಬಟ್ಟೆಯ ಪುಟ್ಟ ಚೀಲದಲ್ಲಿ, ಒಡವೆ ಅಂಗಡಿಯವರು ಕೊಟ್ಟ ಹಾಗೆ. ಅದು ಮ್ಯಾಗ್ನಮ್ ತೋಟಾಕ್ಕೆ. ಮುಂದಿನ ಪಿನ್ ಎಳೆದು ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದರಾಯ್ತು. ಮ್ಯಾಗ್ನಮ್ ತೋಟಾ ದಪ್ಪ, ಮಾಮೂಲಿ ಸಿಲಿಂಡರಿಗೆ ಹೋಗೋದೇ ಇಲ್ಲ. ಉಲ್ಟಾ ಮಾಡಿದರೆ ಕಷ್ಟ. ಸಣ್ಣ ತೋಟಾ ಆ ದೊಡ್ಡ ಮನೆಯೊಳಗೆ ಸಡಿಲವಾಗಿ ಕೂತು, ಹೊಡೆದಾಗ ಸೀಳಿಹೋಗುತ್ತೆ. ಅದಕ್ಕೆ ಎರಡನ್ನೂ ಒಂದೇ ದಿನ ರೇಂಜಿಗೆ ಒಯ್ಯೋದಿಲ್ಲ ಅಂತ ಇಟ್ಟುಕೊಂಡಿದ್ದೀನಿ.

ರೇಂಜು ಅಂದರೆ ಇದೇ, ಊರಿನ ಉತ್ತರಕ್ಕಿರೋ ಬೆನ್ ಏವರಿ. ಸರ್ಕಾರದ್ದು, ಅರಿಜೋನಾದ ಗೇಮ್ ಅಂಡ್ ಫಿಶ್ ಇಲಾಖೆ ನಡೆಸೋದು. ಬೆಳಿಗ್ಗೆ ಬೇಗ ಹೋಗಬೇಕು ಭಟ್ರೇ, ಜೂನ್ ತಿಂಗಳ ಮಧ್ಯಾಹ್ನ ಉಕ್ಕು ಮುಟ್ಟೋಕಾಗೋದಿಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಎಲ್ಲರೂ ಹೊಡೆಯೋದು ನಿಲ್ಲಿಸಿ, ಕೋವಿ ಖಾಲಿ ಮಾಡಿ, ಮೇಜಿಂದ ಹಿಂದೆ ಸರಿದು, ಅಲ್ಲಿಯ ಅಧಿಕಾರಿ ಹೇಳೋವರೆಗೂ ಒಂದು ಹುಳುವೂ ಗುರಿಹಲಗೆ ಕಡೆ ನಡೆಯೋ ಹಾಗಿಲ್ಲ. ಆ ಶಿಸ್ತು ನೋಡೋಕೇ ಒಂದು ಸಲ ಬರಬೇಕು. ಆರು ಗುಂಡಿಗೆ ಅಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ಅಂತೀರಿ! ಪಕ್ಕದ ಮೇಜಿನ ಹುಡುಗರು ಪಟಪಟ ಅಂತ ಡಬ್ಬಿಗಟ್ಟಲೆ ತೋಟಾ ಖಾಲಿ ಮಾಡಿರ್ತಾರೆ, ನಾನಿನ್ನೂ ನಾಲ್ಕನೆಯದಕ್ಕೆ ಕುದುರೆ ಎಳೀತಿರ್ತೀನಿ. ಎಳೆದಾಗ ಸಿಲಿಂಡರ್ ಒಂದು ಮನೆ ಸರಿದು ಗಟ್ಟಿಯಾಗಿ ನಿಲ್ಲೋದು ಅಂಗೈಗೇ ತಿಳಿಯುತ್ತೆ. ಟ್ರಿಗರ್ ಒತ್ತೋಕೆ ಆಮೇಲೆ ಬಲವೇ ಬೇಡ. ಗುಂಡು ತಪ್ಪಿದರೆ ಯಾಕೆ ತಪ್ಪಿತು ಅಂತ ಯೋಚಿಸೋಕೆ ಮುಂದಿನ ಗುಂಡಿಗೆ ಮುಂಚೆ ಪುರುಸೊತ್ತು ಇರುತ್ತೆ, ಅದು ಮುಖ್ಯ ಅಲ್ವಾ? ಸೀಸದ ಗುಂಡು ನೋಡಿ, ಮುಗಿಸಿ ಬಂದವರು ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಮನೆಗೆ ಬಂದರೆ ಅದು ಉಕ್ಕಿನ ಪೆಟ್ಟಿಗೆಯೊಳಗೆ, ತೋಟಾ ಬೇರೆ ಕಡೆ, ಎರಡಕ್ಕೂ ಬೀಗ.

ಅಲ್ಲೇ ವಿಂಟರ್ ರೇಂಜ್ ಅಂತ ದೊಡ್ಡ ಸ್ಪರ್ಧೆ ನಡೆಯುತ್ತೆ. 1987ರಲ್ಲಿ ಹುಟ್ಟಿದ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿಯವರ ಪಂದ್ಯ. ಸೇರೋ ಪ್ರತಿಯೊಬ್ಬರೂ ಹಳೇ ಪಶ್ಚಿಮದ ಒಂದು ಹೆಸರು ಇಟ್ಟುಕೊಳ್ಳಬೇಕು, ಅಂಥದೇ ಉಡುಪು ಹಾಕಬೇಕು. ಬ್ಯಾಂಕು, ಆಸ್ಪತ್ರೆಯಲ್ಲಿ ಕೆಲಸ ಮಾಡೋರು ಟೋಪಿ, ಬೂಟು ಏರಿಸಿಕೊಂಡು ಬರೋದನ್ನು ನೋಡಿದರೆ ನಮ್ಮೂರ ಬಯಲಾಟದ ಚೌಕಿಯೇ ಕಣ್ಣಮುಂದೆ ಬರುತ್ತೆ. ಉಕ್ಕಿನ ಪಟ್ಟಿ ಬಂದು ಐವತ್ತು ವರ್ಷ ದಾಟಿದರೂ ಅಲ್ಲಿ ಇವತ್ತಿಗೂ ಐದೇ ತುಂಬೋದು, ಕುದುರೆ ಖಾಲಿ ಮನೆಯ ಮೇಲೇ. ಒಳ್ಳೇ ರೂಢಿ, ನನಗೆ ಮೆಚ್ಚುಗೆಯಾಯ್ತು.

ರೇಂಜಿನಲ್ಲಿ ಪರಿಚಯವಾದ ಒಬ್ಬ ಅಜ್ಜನ ಹತ್ತಿರ 1973ಕ್ಕೂ ಹಿಂದಿನ ಸಿಂಗಲ್ ಸಿಕ್ಸ್ ಇದೆ. ಮಗ್ಗುಲಲ್ಲಿ ಮೂರು ಸ್ಕ್ರೂ, ಅದೇ ಗುರುತು. ಹೊಸದರಲ್ಲಿ ಅವುಗಳ ಬದಲು ಎರಡು ಪಿನ್. ಅಂಥ ಹಳೆಯದನ್ನು ಕಳಿಸಿಕೊಟ್ಟರೆ ಕಂಪನಿಯವರು ಈಗಲೂ ಬಿಡಿಗಾಸು ತಗೊಳ್ಳದೆ ಪಟ್ಟಿ ಕೂರಿಸಿ, ತೆಗೆದ ಹಳೇ ಭಾಗಗಳನ್ನೂ ಜೊತೆಗೇ ವಾಪಸ್ ಕಳಿಸ್ತಾರೆ. ಅಜ್ಜ ಒಪ್ಪೋದಿಲ್ಲ. ಹಳೇ ಟ್ರಿಗರಿನ ಹದ ಹೋಗಿಬಿಡುತ್ತೆ ಅನ್ನೋದು ಅವರ ವಾದ. ಹದ ನಿಜವಾಗಿ ಚೆನ್ನಾಗಿದೆ, ನಾನೂ ಎಳೆದು ನೋಡಿದ್ದೀನಿ. ಆದರೂ ಮೊಮ್ಮಕ್ಕಳು ಓಡಾಡೋ ಮನೆ, ಕಳಿಸಿಬಿಡಿ ಅಂತ ಹೇಳಿದೆ. ಮುಂದಿನ ಶನಿವಾರ ಸಿಕ್ಕಾಗ ಇನ್ನೊಂದು ಸಲ ಹೇಳಿ ನೋಡ್ತೀನಿ. ನೀವೂ ಬನ್ನಿ ಜೊತೆಗೆ, ಇಬ್ಬರು ಹೇಳಿದರೆ ಕೇಳ್ತಾರೇನೋ, ಅಲ್ವಾ?