ಎಕೋ ಹಾಕಿ, ಅಣ್ಣಾ

ಹೊಸೂರಿನ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನಿಗೆ ಬೆರಳಿಗಿಂತ ಮೊದಲು ಕಿವಿ ಮೂರು ಭಾಷೆಯಲ್ಲಿ ಪಳಗಿರಬೇಕು. ಗಂಡಿನ ಕಡೆಯವರು ಡೆಂಕಣಿಕೋಟೆಯ ಕನ್ನಡದವರು, ಹೆಣ್ಣಿನ ಕಡೆಯವರು ತೆಲುಗಿನವರು, ನೆಂಟರಲ್ಲಿ ಅರ್ಧ ತಮಿಳರು. ಹಾಡಿನ ಚೀಟಿ ಮೂರು ದಿಕ್ಕಿನಿಂದಲೂ ಬರುತ್ತದೆ. ಈ ವಿಷಯದಲ್ಲಿ ಇಳಯರಾಜ ಪುಣ್ಯಾತ್ಮ. 1981ರ ‘ಗೀತಾ’ ಚಿತ್ರಕ್ಕೆ ಮಾಡಿದ ಒಂದು ಧಾಟಿಯನ್ನು 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೂ ಕೊಟ್ಟರು. ಟೋನು ಬದಲಿಸದೆ ಎರಡು ಚೀಟಿ ವಿಲೇವಾರಿ!

ಎಲ್ಲ ಹಾಡೂ ಇಷ್ಟು ಸಲೀಸಲ್ಲ. ಕೊಳಲಿಗೆ ಡಿಲೇ ಬೇಕು, ಆರ್ಗನ್ನಿಗೆ ಲೆಸ್ಲಿ ಸ್ಪೀಕರು ಗಿರಗಿರ ತಿರುಗಿದಂಥ ಅಲುಗಾಟ ಬೇಕು, ಗಿಟಾರಿಗೆ ಡಿಸ್ಟಾರ್ಷನ್ ಬೇಕು. ರೋಲ್ಯಾಂಡ್ ಎಕ್ಸ್‌ಪಿ-30ರಂಥ ಹಳೇ ಕೀಬೋರ್ಡಿನಲ್ಲಿ ರಿವರ್ಬು, ಕೋರಸ್ಸು ಎಲ್ಲ ಟೋನುಗಳಿಗೂ ಸಿಗುತ್ತವೆ. ಅವಲ್ಲದೆ ನಲವತ್ತು ಬಗೆಯ ಎಫೆಕ್ಟುಗಳೂ ಇವೆ. ಆದರೆ ಹಲವು ಟೋನು ಸೇರಿಸಿ ನುಡಿಸುವಾಗ ಈ ನಲವತ್ತರಲ್ಲಿ ಒಂದಕ್ಕೆ ಮಾತ್ರ ಅವಕಾಶ. ಕೂಡುಕುಟುಂಬದ ಬಚ್ಚಲುಮನೆ ಇದ್ದಂತೆ: ಆರ್ಗನ್ನು ಒಳಗಿದ್ದರೆ ಕೊಳಲು ಟವೆಲ್ ಹೊತ್ತು ಹೊರಗೆ ನಿಂತಿರಬೇಕು.

ಹೊಸ ಕೀಬೋರ್ಡಿಗೆ ದುಡ್ಡಿಲ್ಲದವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಕೊಳಲನ್ನು ಪೂರ್ತಿ ಎಡಕ್ಕೆ, ಉಳಿದದ್ದನ್ನು ಪೂರ್ತಿ ಬಲಕ್ಕೆ ಪ್ಯಾನ್ ಮಾಡುವುದು. ಎಡಗಡೆಯ ವೈರು ಡಿಲೇ ಪೆಡಲಿಗೆ, ಬಲಗಡೆಯದು ನೇರ ಮಿಕ್ಸರಿಗೆ. ಸ್ಟೀರಿಯೋ ಹೋಯಿತು ನಿಜ, ಆದರೆ ಮಂಟಪದಲ್ಲಿ ಸ್ಟೀರಿಯೋ ಕೇಳುವವರು ಯಾರು? ಕೀಬೋರ್ಡಿನೊಳಗಿನ ರಿವರ್ಬನ್ನು ಮಾತ್ರ ಮರೆಯದೆ ಆಫ್ ಮಾಡಬೇಕು. ಅದು ಎರಡೂ ಕಡೆಗೆ ಸೋರಿ, ಮಾಡಿದ ಪಾಲುಪಟ್ಟಿಯನ್ನೆಲ್ಲ ಕೆಡಿಸುತ್ತದೆ. ಗಿಟಾರಿನ ಪೆಡಲಾದರೆ ವಾಲ್ಯೂಮನ್ನೂ ತಗ್ಗಿಸಬೇಕು. ಗಿಟಾರಿನ ಮೆಲುದನಿಗೆ ಮಾಡಿದ ಡಬ್ಬಿ ಅದು. ಕೀಬೋರ್ಡಿನ ಜೋರಿಗೆ ಕೇಳದೆಯೇ ಡಿಸ್ಟಾರ್ಷನ್ ಕೊಟ್ಟುಬಿಡುತ್ತದೆ.

ಇದಕ್ಕಿಂತ ನೇರ ದಾರಿ ಮಿಕ್ಸರಿನ ‘ಆಕ್ಸ್’ ತಿರುಪು. ಅಲ್ಲಿಂದ ಒಂದು ಎಫೆಕ್ಟ್ ಡಬ್ಬಿಗೆ ಕಳಿಸಿದರೆ ಯಾರಿಗೆಷ್ಟು ಬೇಕೋ ಅಷ್ಟು ಬಡಿಸಬಹುದು. ಲ್ಯಾಪ್‌ಟಾಪ್ ಹಚ್ಚಿದರಂತೂ ಎಫೆಕ್ಟುಗಳಿಗೆ ಬರವಿಲ್ಲ. ಆದರೆ ನಾದಸ್ವರ ನಿಂತು ಹಾಡು ಶುರುವಾಗುವ ಹೊತ್ತಿಗೇ ಅದು ಅಪ್‌ಡೇಟ್ ಆಗಲು ಕೂರುತ್ತದೆ.

ನನ್ನನ್ನು ಕೇಳಿದರೆ ನಮ್ಮ ಕಲ್ಯಾಣಮಂಟಪಗಳಿಗೆ ರಿವರ್ಬು ಕೊಂಡುಕೊಳ್ಳುವುದೇ ದಂಡ. ನೆಲಕ್ಕೆ ಗ್ರಾನೈಟು, ಗೋಡೆಗೆ ಟೈಲ್ಸು. ಊಟದ ಹಾಲಿನಲ್ಲಿ ಬಿದ್ದ ಲೋಟದ ಸದ್ದು ಮುಹೂರ್ತದವರೆಗೂ ಉಳಿದಿರುತ್ತದೆ. ಆದರೂ ಮೊದಲ ಸಾಲಿನ ತಾತ ಕೈ ಎತ್ತಿ, “ಎಕೋ ಹಾಕಿ ಅಣ್ಣಾ” ಎನ್ನುವುದು ತಪ್ಪಿದ್ದಲ್ಲ. ಸೌಂಡಿನವನು ಹಾಕುತ್ತಾನೆ, ಆಮೇಲೆ ಮರೆಯುತ್ತಾನೆ. ಅಷ್ಟರಲ್ಲಿ ಹೆಣ್ಣಿನ ಸೋದರಮಾವ ಮೈಕ್ ಹಿಡಿದು, “ದಯವಿಟ್ಟು ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು” ಎನ್ನುತ್ತಾರೆ. ಡಿಲೇ ಕೊನೆಯ ಮಾತನ್ನಷ್ಟೇ ಹಿಡಿದುಕೊಂಡು ಗಂಡಿನ ಕಡೆಯವರತ್ತ ತಿರುಗಿ, “ಹೋಗಬೇಕು... ಹೋಗಬೇಕು... ಹೋಗಬೇಕು...”